ಜೂನ್ ಒಂದರಂದು ಹುಟ್ಟಿದವರು

“ನಮ್ಮ ವೆಬ್‌ಸೈಟ್ ಗಟ್ಟಿ ಅದ ಅಂತ ಒಂದು ಸರ್ಟಿಫಿಕೇಟ್ ಬರ್ದು ಕೊಡ್ರಿ, ಮುಗೀತು,” ಎಂದರು ಕಾರ್ಯದರ್ಶಿಗಳು.

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಅವರ ತೊಗರಿ ಅಡತಿ ಅಂಗಡಿಯ ಹಿಂದಿನ ಕೋಣೆ ಅದು. ಮೇಜಿನ ಮೇಲೆ ನಾಲ್ಕು ಕಾಗದದ ಪೊಟ್ಟಣಗಳಲ್ಲಿ ಕಾಳಿನ ಸ್ಯಾಂಪಲ್. ಮಾತಿನ ನಡುವೆ ಒಂದೊಂದೇ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ ಉಗಿಯುತ್ತಿದ್ದರು. ವ್ಯಾಪಾರದ ಜೊತೆಗೆ ಅವರು ಒಂದು ಶಿಕ್ಷಣ ಸಂಸ್ಥೆಯ ಕಾರ್ಯದರ್ಶಿ. ಸಂಸ್ಥೆಗೆ ಕಲಬುರಗಿಯಲ್ಲಿ ಮೂರು ಶಾಲೆ, ಕಮಲಾಪುರದಲ್ಲಿ ಒಂದು, ಸುತ್ತಲಿನ ಊರುಗಳಲ್ಲಿ ಇನ್ನೂ ಕೆಲವು. ಎರಡು ಸಾವಿರದ ಏಳೋ ಎಂಟೋ ಇರಬೇಕು. ವೆಬ್‌ಸೈಟಿನ ಭದ್ರತೆ ಪರೀಕ್ಷಿಸುತ್ತೇನೆ ಎಂದು ಬೋರ್ಡು ಹಾಕಿಕೊಂಡವನು ಆಗ ಊರಿನಲ್ಲಿ ನನಗೆ ಗೊತ್ತಿದ್ದಂತೆ ನಾನೊಬ್ಬನೇ. ಆ ಬೋರ್ಡಿನಲ್ಲೂ ಅದು ಕೊನೆಯ ಸಾಲು. ಮೇಲಿನ ಸಾಲುಗಳೆಲ್ಲ ಪ್ರಿಂಟರ್ ರಿಪೇರಿಯವು.

“ಕಾಳು ನೀವು ಕಡಿದು ನೋಡ್ತೀರಿ ಸಾಹೇಬ್ರ. ನನಗೂ ಒಂದೀಟು ಕಡೀಲಿಕ್ಕೆ ಬಿಡ್ರಿ. ಆಮ್ಯಾಲ ಬರೀತೀನಿ.”

ಅವರು ನಕ್ಕರು. ಮಗ್ಗುಲಲ್ಲಿ ಕೂತಿದ್ದ ಅವರ ಅಳಿಯ ನಗಲಿಲ್ಲ. ಆ ವೆಬ್‌ಸೈಟ್ ಬರೆದವರು ಅವರೇ.

ವಿಷಯ ಇಷ್ಟು. ಸಂಸ್ಥೆಯ ಶಿಕ್ಷಕರೆಲ್ಲ ಸಿಬ್ಬಂದಿ ಸಂಖ್ಯೆ, ಪಾಸ್‌ವರ್ಡ್ ಹಾಕಿ ಸೈಟಿನೊಳಗೆ ಹೋಗಿ, ವರ್ಗಾವಣೆ ಬೇಕೋ ಬೇಡವೋ, ಯಾವ ಶಾಲೆಗೆ ಎಂದು ನಮೂದಿಸಬೇಕು. ಸೇವಾ ಹಿರಿತನದ ಮೇಲೆ ಪಟ್ಟಿ ತಯಾರಾಗುತ್ತದೆ. ಆ ವರ್ಷ ಕಲಬುರಗಿಯ ಶಾಲೆಯೊಂದರಲ್ಲಿ ಗಣಿತಕ್ಕೆ ಒಂದೇ ಜಾಗ ಖಾಲಿ ಇತ್ತು. ಅದು ಕಮಲಾಪುರದ ಹಿರಿಯ ಗಣಿತ ಮಾಸ್ತರರಿಗೆ ಸಿಗಬೇಕಿತ್ತು. ಪಟ್ಟಿ ಹೊರಬಿದ್ದಾಗ ಅವರ ಹೆಸರಿನ ಮುಂದೆ ‘ವರ್ಗಾವಣೆ ಬೇಡ’ ಎಂದಿತ್ತು. ಪಟ್ಟಿಯ ಎರಡನೆಯ ಹೆಸರಿನವರು ಕಲಬುರಗಿಗೆ ಬಂದರು. ತಾವು ಹಾಗೆ ಬರೆದೇ ಇಲ್ಲ ಎಂದು ಮಾಸ್ತರರು ಅರ್ಜಿ ಕೊಟ್ಟರು. ಸೈಟಿನಲ್ಲಿ ದಾಖಲಾಗಿದ್ದ ಹೊತ್ತು ನೋಡಿದರೆ, ಯಾರೋ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರ ಖಾತೆಗೆ ಹೋಗಿ ‘ಬೇಕು’ ಎಂಬುದನ್ನು ‘ಬೇಡ’ ಮಾಡಿದ್ದರು. ಕಮಲಾಪುರದ ಶಾಲೆಯಲ್ಲಿ ಇಂಟರ್‌ನೆಟ್ ಇದ್ದ ಕಂಪ್ಯೂಟರ್ ಒಂದೇ. ಅದರ ಮುಂದೆ ದಿನವಿಡೀ ಕೂರುವವರು ಅಲ್ಲಿನ ಗುಮಾಸ್ತೆ, ಒಬ್ಬ ಹೆಣ್ಣುಮಗಳು.

“ಸೈಟ್ ಗಟ್ಟಿ ಅದ ಅಂದ್ರ ಹೊರಗಿನವ್ರು ಮಾಡಿಲ್ಲ. ಹೊರಗಿನವ್ರು ಮಾಡಿಲ್ಲಂದ್ರ ಆ ಬಾಯೀನೇ ಮಾಡ್ಯಾಳ,” ಎಂದರು ಕಾರ್ಯದರ್ಶಿಗಳು. “ನಿಮ್ಮ ಕಾಗದ ಬಂದ್ರ ಮನಿಗೆ ಕಳಸ್ತೀವಿ. ಪೊಲೀಸ್ ಕಂಪ್ಲೇಂಟೂ ಕೊಡ್ತೀವಿ.”

ನಾನು ಮೂರು ಕೇಳಿದೆ. ಮೊದಲನೆಯದು, ಯಾವ ಸೈಟನ್ನು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಯಾವ ವಿಧಾನದಿಂದ ಪರೀಕ್ಷಿಸಬಹುದು ಎಂಬ ಅನುಮತಿ ಪತ್ರ, ಮೊಹರಿನೊಂದಿಗೆ. ಈ ಕೆಲಸಕ್ಕೆ ಇಳಿಯುವವರು ಸಂಭಾವನೆಯ ಮಾತಿಗಿಂತ ಮೊದಲು ಈ ಪತ್ರ ಕೈಗೆ ತೆಗೆದುಕೊಳ್ಳಿ. ಅದಿಲ್ಲದಿದ್ದರೆ ಪರೀಕ್ಷೆ ಮಾಡಿದವನಿಗೂ ಕಳ್ಳನಿಗೂ ಕಾನೂನಿನಲ್ಲಿ ವ್ಯತ್ಯಾಸವಿಲ್ಲ. ಎರಡನೆಯದು, ಶಾಲೆಗಳಿಗೆ ರಜೆ ಇರುವ ವಾರ, ಸರ್ವರ್ ಮೇಲೆ ಭಾರ ಬಿದ್ದರೂ ಯಾರಿಗೂ ತೊಂದರೆಯಾಗದಂತೆ. ಮೂರನೆಯದು, ಆ ಸೋಮವಾರದ ಲಾಗ್. ಯಾವ ಹೊತ್ತಿನಲ್ಲಿ ಯಾವ ಇಂಟರ್‌ನೆಟ್ ವಿಳಾಸದಿಂದ ಯಾವ ಪುಟ ಕೇಳಲಾಯಿತು ಎಂದು ಸರ್ವರ್ ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ ಅದು.

“ಲಾಗ್ ಸರ್ವರ್ ಇಟ್ಟಿರೋ ಹೋಸ್ಟಿಂಗ್ ಕಂಪನಿ ಕಡೆ ಇರ್ತದ,” ಎಂದರು ಅಳಿಯ. “ನಿಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ.”

“ಸಂಬಂಧ ಅದ ರೀ.”

“ಸೈಟ್ ಟೆಸ್ಟ್ ಮಾಡಾಕ ಕರ್ಸೀವಿ. ಕಳ್ಳನ್ನ ಹಿಡೀಲಿಕ್ಕೆ ಅಲ್ಲ.”

ಮೂರರಲ್ಲಿ ಎರಡು ಸಿಕ್ಕರೆ ಗಂಜಿನ ಲೆಕ್ಕಕ್ಕೆ ಒಳ್ಳೆಯ ವ್ಯವಹಾರವೇ. ಒಪ್ಪಿಕೊಂಡೆ.

ಮೊದಲ ನಾಲ್ಕು ದಿನ ನನ್ನ ಅಂಗಡಿಯಿಂದಲೇ ಕೆಲಸ. ಬ್ರೌಸರಿಗೂ ಸರ್ವರಿಗೂ ನಡುವೆ ಕೂರುವ ಪ್ರಾಕ್ಸಿ ಎಂಬ ಪ್ರೋಗ್ರಾಮ್ ಇರುತ್ತದೆ. ನೀವು ಗುಂಡಿ ಒತ್ತಿದಾಗ ಹೊರಡುವ ಪ್ರತಿಯೊಂದು ಕೋರಿಕೆಯನ್ನು ಅದು ದಾರಿಯಲ್ಲಿ ತಡೆದು ನಿಮ್ಮ ಮುಂದೆ ಬಿಚ್ಚಿಡುತ್ತದೆ. ಅಕ್ಷರ ತಿದ್ದಿ ಮುಂದೆ ಬಿಡಬಹುದು. ಅಳಿಯಂದಿರು ಕೊಟ್ಟ ಎರಡು ಪರೀಕ್ಷಾ ಖಾತೆಗಳಲ್ಲಿ ಒಂದರಿಂದ ಒಳಗೆ ಹೋಗಿ, ಕೋರಿಕೆಯಲ್ಲಿದ್ದ ಸಿಬ್ಬಂದಿ ಸಂಖ್ಯೆಯನ್ನು ಇನ್ನೊಂದರದ್ದಾಗಿ ತಿದ್ದಿ ಬಿಟ್ಟೆ. ಅಂಥ ಸೈಟುಗಳಲ್ಲಿ ಹತ್ತರಲ್ಲಿ ಆರು ಇಲ್ಲೇ ಬೀಳುತ್ತಿದ್ದವು. ಇದು ಬೀಳಲಿಲ್ಲ, ಲಾಗಿನ್ ಪುಟಕ್ಕೆ ನನ್ನನ್ನು ತಳ್ಳಿತು. ಹೆಸರಿನ ಜಾಗದಲ್ಲಿ ಒಂಟಿ ಉದ್ಧರಣ ಚಿಹ್ನೆ ಹಾಕಿ ಡೇಟಾಬೇಸನ್ನು ಕೆಣಕಿದೆ. ಅದೂ ನಡೆಯಲಿಲ್ಲ. ಹೊರಬಂದ ಮೇಲೆ, ಒಳಗೆ ಬಿಟ್ಟದ್ದಕ್ಕೆ ಗುರುತಾಗಿ ಸೈಟು ಕೊಟ್ಟಿದ್ದ ಹಳೆಯ ಕುಕಿಯನ್ನೇ ಮತ್ತೆ ಕಳಿಸಿದೆ. ಸತ್ತಿತ್ತು. ತಾನಾಗಿ ಹುಡುಕುವ ಸ್ಕ್ಯಾನರ್ ಒಂದನ್ನು ಇಡೀ ದಿನ ಓಡಿಸಿದೆ. ಅದು ಎಪ್ಪತ್ತಕ್ಕೂ ಹೆಚ್ಚು ಎಚ್ಚರಿಕೆ ಕೊಟ್ಟಿತು. ಒಂದೊಂದಾಗಿ ಕೈಯಿಂದ ಮಾಡಿ ನೋಡಿದರೆ ಎಲ್ಲವೂ ಸುಳ್ಳು. ಸ್ಕ್ಯಾನರಿನ ವರದಿಗೇ ಮುಖಪುಟ ಅಂಟಿಸಿ ಕೊಡುವವರನ್ನು ಬಹಳ ನೋಡಿದ್ದೇನೆ. ಹಾಗೆ ಮಾಡಬೇಡಿ.

ಅಳಿಯಂದಿರ ಬಗ್ಗೆ ನನಗೆ ಅಸಮಾಧಾನವಿತ್ತು, ಆದರೆ ಅವರು ಕೆಲಸಗಾರರು ಎಂದು ಒಪ್ಪಬೇಕಾಯಿತು. ಐದನೆಯ ದಿನ ‘ತೃಪ್ತಿಕರ’ ಎಂಬ ಪದವನ್ನು ಟೈಪ್ ಮಾಡಿಯೂ ಬಿಟ್ಟಿದ್ದೆ. ನಿಲ್ಲಿಸಿದ್ದು ಒಂದೇ ಕಾರಣಕ್ಕೆ. ಸೈಟನ್ನು ದಿನಾ ಬಳಸುವವರನ್ನು ನಾನಿನ್ನೂ ನೋಡಿರಲಿಲ್ಲ. ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ.

ಶಾಲೆಗೆ ರಜೆ, ಆಫೀಸು ತೆರೆದಿತ್ತು. ಗುಮಾಸ್ತೆಗೆ ಮೂವತ್ತೈದರ ಆಸುಪಾಸು. ಮನೆ ಕಲಬುರಗಿಯ ಗಾಜಿಪುರದಲ್ಲಿ. ದಿನಾ ಬಸ್ಸಿನಲ್ಲಿ ಬಂದು ಹೋಗುವುದು. ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಇನ್ನೂ ಕಾಯಂ ಆಗಿರಲಿಲ್ಲ. ನಾನು ಯಾರೆಂದು ಹೇಳಿದ್ದಕ್ಕೆ ರಿಜಿಸ್ಟರಿನಿಂದ ತಲೆ ಎತ್ತದೆ, “ಸರ್ಟಿಫಿಕೇಟ್ ತಂದೀರೇನ್ರೀ? ಇಲ್ಲೇ ಇಡ್ರಿ, ನಾನೇ ಇನ್ವರ್ಡ್ ಮಾಡ್ಕೋತೀನಿ,” ಎಂದರು.

“ಇನ್ನಾ ಬರ್ದಿಲ್ಲ ಮೇಡಂ.”

“ಬರೀರಿ ಬರೀರಿ. ಅಲ್ಲಿ ಗಂಜಿನ್ಯಾಗ ಕಾಯಾಕತ್ತಾರ.”

ಕುರ್ಚಿ ಎಳೆದುಕೊಂಡು ಕೂತೆ. ಲಾಗ್ ಕೇಳಿದ್ದನ್ನೂ ಅದು ಸಿಗದ್ದನ್ನೂ ಹೇಳಿದೆ. ಕಂಪ್ಯೂಟರ್ ನೋಡಿದೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆಮೇಲೆ ಪಾಸ್‌ವರ್ಡ್ ಯಾರು ಕೊಟ್ಟರು ಎಂದು ಕೇಳಿದೆ.

“ಎಲ್ಲಾರಿಗೂ ಅವರವರ ಜನ್ಮ ತಾರೀಖ್‌ರಿ. ಬದಲಿ ಮಾಡ್ಕೋರಿ ಅಂತ ಸರ್ಕ್ಯುಲರ್ ಬಂದಿತ್ತು. ಒಬ್ಬರೂ ಮಾಡ್ಕೊಂಡಿಲ್ಲ. ಮರ್ತವ್ರು ನನ್ನ ಹಂತೇಲೇ ಬಂದು ಕೇಳ್ತಾರಲ್ಲ, ಅದಕ್ಕ ಗೊತ್ತು.”

“ಆದ್ರ ಒಬ್ಬರ ಜನ್ಮ ತಾರೀಖು ಇನ್ನೊಬ್ರಿಗೆ ಹೆಂಗ ತಿಳೀಬೇಕು?”

ಆಗ ಅವರು ಮೊದಲ ಸಲ ನನ್ನ ಮುಖ ನೋಡಿದರು. “ನೀವು ಇದೇ ಸೀಮಿಯವ್ರೇನ್ರೀ? ನಮ್ಮ ಸಾಲ್ಯಾಗ ಎಲ್ಲಾರೂ ಒಂದೇ ದಿನ ಹುಟ್ಯಾರ.”

ಕಪಾಟಿನಿಂದ ಸೇವಾ ಪುಸ್ತಕಗಳ ಕಟ್ಟು ತೆಗೆದು ಬಿಚ್ಚಿದರು. ಒಂದು ಜೂನ್. ಒಂದು ಜೂನ್. ಒಂದು ಜೂನ್. ನಡುವೆ ಎಲ್ಲೋ ಒಂದು ನವೆಂಬರ್, ಮತ್ತೆ ಒಂದು ಜೂನ್. ವರ್ಷಗಳು ಮಾತ್ರ ಬೇರೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲಕ್ಕೆ ಹೋಗುವ ತಾಯಿ ತಂದೆಗೆ ತಾರೀಖು ಗೊತ್ತಿರುತ್ತಿರಲಿಲ್ಲ. ಮಗುವನ್ನು ಶಾಲೆಗೆ ಹಚ್ಚುವ ದಿನ ಹೆಡ್‌ಮಾಸ್ತರರು ಮುಖ ನೋಡಿ ವರ್ಷ ಅಂದಾಜು ಮಾಡಿ, ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಲಿ ಎಂದು ಜೂನ್ ಒಂದು ಬರೆದುಬಿಡುತ್ತಿದ್ದರು. ಒಂದು ತಲೆಮಾರು ಪೂರ್ತಿ ಹಾಗೇ ಹುಟ್ಟಿದೆ.

ಸಿಬ್ಬಂದಿ ಸಂಖ್ಯೆಗಳಾದರೂ ಹೊರಗೆ ಗೋಡೆಗೆ ಅಂಟಿಸಿದ ಹಿರಿತನದ ಪಟ್ಟಿಯಲ್ಲೇ ಇದ್ದವು. ಪಾಸ್‌ವರ್ಡಿನಲ್ಲಿ ಗೊತ್ತಿಲ್ಲದೆ ಉಳಿದದ್ದು ವರ್ಷ ಮಾತ್ರ. ಮೂವತ್ತೈದು ಸಲ ಪ್ರಯತ್ನಿಸಿದರೆ ಮುಗಿಯಿತು.

ಹೊರಡುವಾಗ ಅವರು ಪುಸ್ತಕಗಳ ಕಟ್ಟು ಬಿಗಿಯುತ್ತ, “ಇದು ನಾ ತೋರಿಸಿದ್ದು ಅಂತ ಎಲ್ಲೂ ಬರೀಬ್ಯಾಡ್ರಿ ಸರ್. ಸೇವಾ ಪುಸ್ತಕ ಹೊರಗಿನವ್ರಿಗೆ ತೋರ್ಸಂಗಿಲ್ಲ,” ಎಂದರು.

“ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ,” ಎಂದೆ.

ಮರುದಿನ ತಾನಾಗಿ ಲಾಗಿನ್ ಮಾಡಿ ನೋಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಒಂದು ಸಿಬ್ಬಂದಿ ಸಂಖ್ಯೆ, ಜೂನ್ ಒಂದು, ಒಂದು ವರ್ಷ. ತಪ್ಪಾದರೆ ಮುಂದಿನ ವರ್ಷ. ಸರ್ವರ್ ಕುಸಿಯಬಾರದೆಂದು ನಾಲ್ಕು ಸೆಕೆಂಡಿಗೆ ಒಂದೇ ಪ್ರಯತ್ನ. ಬಾಗಿಲು ತೆರೆದರೆ ಪರದೆಯ ಚಿತ್ರ ತೆಗೆದುಕೊಂಡು ಹೊರಬರುವುದು, ಒಳಗೆ ಏನನ್ನೂ ಮುಟ್ಟುವುದಿಲ್ಲ. ಎಷ್ಟು ಸಲ ತಪ್ಪಾದರೂ ಖಾತೆ ಬೀಗ ಹಾಕಿಕೊಳ್ಳುವ ಏರ್ಪಾಡು ಸೈಟಿನಲ್ಲಿರಲಿಲ್ಲ. ಅಳಿಯಂದಿರು ಕಿಟಕಿಗಳಿಗೆಲ್ಲ ಕಬ್ಬಿಣ ಜಡಿದು, ಮುಂಬಾಗಿಲಿಗೆ ಊರಿಗೆಲ್ಲ ಗೊತ್ತಿರುವ ಕೀಲಿ ಹಾಕಿದ್ದರು. ಮೊದಲು ಕಮಲಾಪುರದ ಪಟ್ಟಿ ಕೊಟ್ಟೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಖಾತೆಗಳು ತೆರೆದಿದ್ದವು. ಗಣಿತ ಮಾಸ್ತರರದು ಹತ್ತೊಂಬತ್ತನೆಯ ಪ್ರಯತ್ನಕ್ಕೆ.

ನಾನು ಅಂಗಡಿಯಲ್ಲಿ ಒಬ್ಬನೇ ಕೂತು ಚಪ್ಪಾಳೆ ತಟ್ಟಿದ್ದೆ. ಗುಮಾಸ್ತೆ ಉಳಿದರು ಎಂದುಕೊಂಡೆ.

ವರದಿ ಬರೆಯುವುದರಲ್ಲಿ ನಾನು ಕಟ್ಟುನಿಟ್ಟು. ಪ್ರತಿ ದೋಷಕ್ಕೂ ಮೂರು ಭಾಗ: ಹೇಗೆ ತಿಳಿಯಿತು, ಓದುವವರು ಅದನ್ನು ಮತ್ತೆ ಹೇಗೆ ಮಾಡಿ ನೋಡಬಹುದು, ಹೇಗೆ ಸರಿಪಡಿಸಬಹುದು. ಮೊದಲ ಭಾಗದಲ್ಲಿ, ‘ಕಮಲಾಪುರ ಶಾಲೆಯ ಗುಮಾಸ್ತೆಯವರು ತೋರಿಸಿದ ಸೇವಾ ಪುಸ್ತಕಗಳಿಂದ ತಿಳಿದುಬಂದಿದೆ’ ಎಂದು ಬರೆದೆ. ಹೆಸರು ಬರೆಯಲಿಲ್ಲ. ಆ ಶಾಲೆಯಲ್ಲಿದ್ದದ್ದು ಒಬ್ಬರೇ ಗುಮಾಸ್ತೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಕೊಟ್ಟ ಮಾತು ಉಳಿಸಿಕೊಂಡೆ ಎಂದೇ ಅಂದುಕೊಂಡೆ. ಮೂಲ ಬರೆಯದ ವರದಿ ಕಚ್ಚಾ ಕಾಣುತ್ತದೆ. ನನ್ನದು ಪಕ್ಕಾ ಕಾಣಬೇಕಿತ್ತು.

ಅಡತಿಯ ಕೋಣೆಯಲ್ಲೇ ಸಮಿತಿ ಸೇರಿತು: ಕಾರ್ಯದರ್ಶಿ, ಅಳಿಯ, ನಿವೃತ್ತ ಹೆಡ್‌ಮಾಸ್ತರರಾಗಿದ್ದ ಅಧ್ಯಕ್ಷರು, ಇನ್ನಿಬ್ಬರು ಸದಸ್ಯರು. ಅಧ್ಯಕ್ಷರಿಗೂ ಒಂದು ಖಾತೆ ಇತ್ತು. “ನಿಮ್ಮ ಸಂಖ್ಯೆ ಅಷ್ಟ ಹೇಳ್ರಿ, ಹುಟ್ಟಿದ ವರ್ಷ ಹೇಳಬ್ಯಾಡ್ರಿ,” ಎಂದು ಎಲ್ಲರ ಎದುರಿಗೆ ಸ್ಕ್ರಿಪ್ಟ್ ಓಡಿಸಿದೆ. ಒಂದು ನಿಮಿಷಕ್ಕೆ ಅವರ ಪುಟ ತೆರೆಯಿತು.

“ಹಲಾ, ನನ್ನ ವಯಸ್ಸು ಹೊರಗ ಹಾಕಿಬಿಟ್ಟಿ ನೋಡಪಾ,” ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಳಿಯ ವರದಿಯ ನಾಲ್ಕನೆಯ ಪುಟ ಓದುತ್ತಿದ್ದರು. ನಗು ನಿಲ್ಲುವವರೆಗೆ ಕಾದು, ಆ ಸಾಲಿನ ಮೇಲೆ ಬೆರಳಿಟ್ಟು ಮಾವನ ಮುಂದೆ ಸರಿಸಿದರು. “ಸೇವಾ ಪುಸ್ತಕ ಹೊರಗಿನವ್ರಿಗೆ ತೋರ್ಸ್ಯಾಳ. ಇದೊಂದ ಸಾಕು. ಅದೂ ಅಲ್ದ, ಈ ಯುಕ್ತಿ ಆಕಿಗೆ ಮೊದಲಿಂದಾನೂ ಗೊತ್ತಿತ್ತು ಅಂತ ಆತು.”

“ಇದು ಇಡೀ ಜಿಲ್ಲಾಕ್ಕ ಗೊತ್ತಿರೂ ವಿಷಯ ರೀ,” ಎಂದೆ.

“ಇಡೀ ಜಿಲ್ಲಾ ನಿಮ್ಮ ರಿಪೋರ್ಟಿನ್ಯಾಗ ಇಲ್ಲಲ್ರೀ. ಆಕಿ ಒಬ್ಬಾಕಿನೇ ಇದ್ದಾಳ.”

“ಲಾಗ್ ತರಿಸ್ರಿ. ಯಾವ ವಿಳಾಸದಿಂದ ಆಗ್ಯದ ಅಂತ ಐದು ನಿಮಿಷದಾಗ ತಿಳೀತದ.”

“ಲಾಗಿನ ಮಾತು ಅವತ್ತೇ ಮುಗಿದದ,” ಎಂದರು ಕಾರ್ಯದರ್ಶಿಗಳು, ಕಾಳು ಉಗಿದು.

ಹೊರಗೆ ಬಂದು ಚೀಲ ತೂಗುವ ಕಾಟಾದ ಪಕ್ಕ ನಿಂತಾಗ ನೆನಪಾಯಿತು. ನನ್ನ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲೂ ಜೂನ್ ಒಂದೇ ಇದೆ. ‘ಇದು ಪರೀಕ್ಷಕನ ಸ್ವಂತ ಊಹೆ’ ಎಂದು ಬರೆದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ನಲವತ್ತು ವರ್ಷದಿಂದ ಆ ತಾರೀಖನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ. ಮೂಲ ನಮೂದಿಸುವ ಮೊದಲು, ಆ ಮೂಲ ಯಾರ ಅನ್ನ ಎಂದು ನೋಡಿ. ಇದನ್ನು ಯಾವ ಕೈಪಿಡಿಯಲ್ಲೂ ನಾನು ಓದಿಲ್ಲ.

ಮರುದಿನ ಬೆಳಿಗ್ಗೆ ಒಬ್ಬನೇ ಹೋಗಿ ಕಾರ್ಯದರ್ಶಿಗಳ ಎದುರು ಕೂತೆ. ಜಗ್ಗಾಡುವುದು ನನಗೆ ಗೊತ್ತಿರುವ ವಿದ್ಯೆ, ನನ್ನ ಕೈಯಲ್ಲಿ ಸರಕೂ ಇತ್ತು. ಅಳಿಯ ಕಟ್ಟಿದ ಸೈಟು ಹೀಗಿದೆ ಎಂದು ಸಿಬ್ಬಂದಿಗೆ ತಿಳಿದರೆ ಇಡೀ ವರ್ಗಾವಣೆ ಪಟ್ಟಿಯೇ ರದ್ದಾಗಬೇಕಾಗುತ್ತಿತ್ತು. ಗುಮಾಸ್ತೆಯನ್ನು ಕೆಲಸದಲ್ಲಿ ಉಳಿಸಿ, ಕಾಯಂ ಮಾಡಿ ಎಂದು ಮೇಲಿನಿಂದ ಶುರು ಮಾಡಿದೆ. ಅವರು ವಜಾ ಮತ್ತು ಪೊಲೀಸ್ ಎಂದರು. ಕಾಯಂ ಬಿಟ್ಟೆ. ಅವರು ಅಲುಗಲಿಲ್ಲ. ಬೇರೆ ಶಾಲೆಗೆ ಹಾಕಿ ಎಂದೆ. ಇಲ್ಲವೆಂದು ತಲೆಯಾಡಿಸಿದರು. ಎರಡು ಸಲ ಚಹಾ ಬಂತು.

ಕೊನೆಗೆ ಅವರೇ, “ಪೊಲೀಸ್ ಬಿಡ್ತೀನಿ. ವಜಾನೂ ಬಿಡ್ತೀನಿ. ರಾಜೀನಾಮೆ ಕೊಡ್ಲಿ, ಹನ್ನೊಂದು ವರ್ಷ ಛಲೋ ಕೆಲಸ ಮಾಡ್ಯಾಳ ಅಂತ ಬರ್ದು ಕೊಡ್ತೀನಿ. ನೀವು ಆ ರಿಪೋರ್ಟ್ ವಾಪಸ್ ತಗೊಂಡು, ಮೊದಲು ಕೇಳಿದ್ದೆನಲ್ಲ, ಆ ಕಾಗದ ಕೊಡ್ರಿ,” ಎಂದರು.

ಪೊಲೀಸ್ ಠಾಣೆಯ ಮಾತೇ ಇಲ್ಲದಂತೆ ಮಾಡಿದೆ, ಹೆಣ್ಣುಮಗಳ ಮಾನ ಉಳಿಸಿದೆ ಎಂದು ನನಗೆ ಸಮಾಧಾನವಾಯಿತು. ಅಲ್ಲೇ ಕೂತು ‘ತೃಪ್ತಿಕರ’ ಎಂದು ಬರೆದು ಸಹಿ ಹಾಕಿದೆ. ರಾಜೀನಾಮೆಯ ಕಾಗದವನ್ನೂ ಅವರು ಬರೆದುಕೊಟ್ಟ ಒಳ್ಳೆಯ ಕೆಲಸದ ಪತ್ರವನ್ನೂ ನಾನೇ ಮುಟ್ಟಿಸುತ್ತೇನೆ ಎಂದು ತೆಗೆದುಕೊಂಡೆ.

ಗಾಜಿಪುರದಲ್ಲಿ ಗುಮಾಸ್ತೆಯ ಮನೆ ಕಿರಿದಾದ ಓಣಿಯ ಒಳಗಿತ್ತು. ಕೂಡ್ರಿ ಎಂದರು. ಪೊಲೀಸ್ ಕಂಪ್ಲೇಂಟ್ ಇರುವುದಿಲ್ಲ ಎಂದು ಹೇಳಿ ಕಾಗದ ಕೊಟ್ಟೆ. ಅವರು ನಿಂತೇ ಎರಡನ್ನೂ ಓದಿದರು, ಹನ್ನೊಂದು ವರ್ಷ ಅರ್ಜಿ ಓದಿದವರ ಹಾಗೆ, ಕೆಳಗಿನ ಸಾಲಿನಿಂದ.

“ಪೊಲೀಸ್ ಕಂಪ್ಲೇಂಟ್ ಬ್ಯಾಡ ಅಂತ ಯಾರು ಕೇಳಿದ್ರು?”

“ನಾನೇ. ಭಾಳ ಜಗ್ಗಾಡಿ ತಂದೀನಿ ಮೇಡಂ.”

“ನನ್ನ ಒಂದು ಮಾತು ಕೇಳಬೇಕಿತ್ತಲ್ರೀ.” ದನಿ ಏರಲಿಲ್ಲ. “ನಾ ಅವರದೇ ಹಾದಿ ಕಾಯಾಕತ್ತಿದ್ದೆ. ನೀವು ಕೇಳಿದ್ರ ಲಾಗ್ ಕೊಡಂಗಿಲ್ಲ, ನಾ ಕೇಳಿದ್ರ ಕೊಡಂಗಿಲ್ಲ. ಪೊಲೀಸ್ನವ್ರು ಕೇಳಿದ್ರ ಕೊಡಬೇಕಾಗ್ತಿತ್ತು.”

ಲಾಗ್ ಎಂದರೇನೆಂದು ಆ ಇಡೀ ಪ್ರಕರಣದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಅದನ್ನು ಹೊರತೆಗೆಯಲು ಇದ್ದ ಒಂದೇ ದಾರಿಯನ್ನು ನಾನೇ ಚೌಕಾಸಿ ಮಾಡಿ ಮುಚ್ಚಿಸಿ ಬಂದಿದ್ದೆ.

“ಆ ಸರ್ಟಿಫಿಕೇಟಿಗೆ ಸಹಿ ಮಾಡಿ ಆತೇನು?”

“ಆತು.”

“ಹಂಗಾದ್ರ ಪೆನ್ ಕೊಡ್ರಿ.”

ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿಹಿಡಿದು ರಾಜೀನಾಮೆಗೆ ಸಹಿ ಹಾಕಿದರು. ಪೆನ್ ವಾಪಸು ಕೊಡುತ್ತ, “ಆ ಲಾಗ್ ಎಷ್ಟು ದಿನ ಇಡ್ತಾರ್ರೀ ಕಂಪನಿಯವ್ರು?” ಎಂದು ಕೇಳಿದರು.

“ತೊಂಬತ್ತು ದಿನ. ಆಮ್ಯಾಲ ಅಳಸ್ತಾರ.”

ಬೆರಳು ಮಡಚಿ ಎಣಿಸಿದರು. “ಇನ್ನಾ ಒಂಬತ್ತು ದಿನ ಅದ.” ನನ್ನನ್ನೇ ನೋಡುತ್ತ ನಿಂತರು.

ಸಂಸ್ಥೆಯ ಮೊಹರಿದ್ದ ಅನುಮತಿ ಪತ್ರ ಆಗಲೂ ನನ್ನ ಬಳಿ ಇತ್ತು, ಅವಧಿ ಮುಗಿದಿರಲಿಲ್ಲ. ಅದನ್ನು ಲಗತ್ತಿಸಿ ಹೋಸ್ಟಿಂಗ್ ಕಂಪನಿಗೆ ಒಂದು ಪತ್ರ ಬರೆದಿದ್ದರೆ, ಲಾಗ್ ಕೊಡುತ್ತಿದ್ದರೋ ಇಲ್ಲವೋ, ವಿವಾದವಿದೆ ಎಂದು ಅಳಿಸದೆ ತೆಗೆದಿಡುತ್ತಿದ್ದರು. ಹಾಗೆ ಬರೆದರೆ ನನ್ನ ‘ತೃಪ್ತಿಕರ’ ಸುಳ್ಳೆಂದು ನಾನೇ ಒಪ್ಪಿಕೊಂಡಂತೆ. ಬೋರ್ಡಿನ ಆ ಕೊನೆಯ ಸಾಲು ಅಳಿಸಬೇಕಾಗುತ್ತಿತ್ತು. ಒಂಬತ್ತು ದಿನ ಅಂಗಡಿ ತೆರೆದೆ, ಪ್ರಿಂಟರ್ ಬಿಚ್ಚಿ ಕೂಡಿಸಿದೆ, ಗಾಜಿಪುರದ ಕಡೆಯಿಂದ ಬಂದ ಒಂದು ಕೆಲಸಕ್ಕೆ ಆಗುವುದಿಲ್ಲ ಎಂದೆ.

ಹತ್ತನೆಯ ದಿನ ಮಧ್ಯಾಹ್ನ ಕಂಪನಿಗೆ ಫೋನ್ ಮಾಡಿ ಆ ಸೋಮವಾರದ ಲಾಗ್ ಕೇಳಿದೆ. ಆ ಕಡೆಯವರು ಮರ್ಯಾದೆಯಿಂದ, “ನಿನ್ನೆ ಕೇಳಿದ್ದರೆ ಇತ್ತು ಸರ್,” ಎಂದರು. ಪರವಾಗಿಲ್ಲ ಎಂದು ಹೇಳಿ, ಕರೆ ಮಾಡಿದ ತಾರೀಖು, ಹೊತ್ತು, ಮಾತಾಡಿದವರ ಹುದ್ದೆ ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಮುಂದೆ ಯಾರಾದರೂ ಕೇಳಿದರೆ, ನಾನು ವಿಚಾರಿಸಿದ್ದೆ ಎಂದು ತೋರಿಸಲು.